ಕೊಡಗಿನಲ್ಲಿ ಎರಡು ದಿನ: ಮೊದಲು ಬೆಟ್ಟ, ಆಮೇಲೆ ಲೋಟ

ಪ್ರಶ್ನೆ: ನಾವು ತುಮಕೂರಿನ ನಾಲ್ವರು ಸಹೋದ್ಯೋಗಿಗಳು, ಎಲ್ಲರೂ ನಲವತ್ತರ ಆಸುಪಾಸಿನವರು. ಡಿಸೆಂಬರ್ ಮೊದಲ ವಾರದ ಶನಿವಾರ, ಭಾನುವಾರ ಕೊಡಗಿಗೆ ಬರಬೇಕೆಂದಿದ್ದೇವೆ. ಒಂದು ಒಳ್ಳೆಯ ಬೆಟ್ಟ ಹತ್ತಬೇಕು, ಅಲ್ಲಿನ ಮನೆ ವೈನ್ ಮತ್ತು ಕಾಫಿಯ ರುಚಿ ನೋಡಬೇಕು, ಕೊಡವರ ಅಡುಗೆ ಉಣ್ಣಬೇಕು. ನಮ್ಮಲ್ಲಿ ಇಬ್ಬರು ಸಸ್ಯಾಹಾರಿಗಳು, ಒಬ್ಬರು ಮದ್ಯ ಮುಟ್ಟುವುದಿಲ್ಲ. ಅಂಗಡಿಗಳಲ್ಲಿ ಸಿಗುವ ಮನೆ ವೈನ್ ಸುರಕ್ಷಿತವೇ? ಇದೇ ಎರಡು ದಿನಗಳಲ್ಲಿ ಅಬ್ಬಿ ಜಲಪಾತ, ದುಬಾರೆ, ಮಾಂದಲಪಟ್ಟಿ, ತಲಕಾವೇರಿಗಳನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಸೇರಿಸಿಕೊಳ್ಳಬೇಡಿ. ನೀವು ಹೆಸರಿಸಿದ ನಾಲ್ಕು ಜಾಗಗಳು ಒಂದೇ ದಿಕ್ಕಿಗಿಲ್ಲ. ಕೊಡಗಿನ ರಸ್ತೆಗಳಲ್ಲಿ ನಲವತ್ತು ಕಿಲೋಮೀಟರ್ ಎಂದರೆ ಬಯಲುಸೀಮೆಯ ನಲವತ್ತಲ್ಲ. ತಿರುವು, ಮಂಜು, ಎದುರಿಗೆ ಬರುವ ಬಸ್ಸು ಎಲ್ಲ ಸೇರಿ ಒಂದೂವರೆ ಗಂಟೆ ಸುಲಭವಾಗಿ ಹೋಗುತ್ತದೆ. ಇಪ್ಪತ್ತು ವರ್ಷಗಳಿಂದ ಈ ಬೆಟ್ಟಗಳಲ್ಲಿ ಜನರನ್ನು ಕರೆದುಕೊಂಡು ನಡೆಯುತ್ತಿದ್ದೇನೆ. ಪಟ್ಟಿ ಹಿಡಿದು ಬಂದವರು ಕಾರಿನ ಕಿಟಕಿಯಿಂದ ಕೊಡಗನ್ನು ನೋಡಿ ಹಿಂತಿರುಗುತ್ತಾರೆ. ಒಂದು ಕಣಿವೆಯಲ್ಲಿ ಉಳಿದವರಿಗೆ ಬೆಟ್ಟ, ಕಾಫಿ, ಊಟ ಮೂರೂ ಒಂದೇ ಮಣ್ಣಿನಿಂದ ಬಂದದ್ದೆಂದು ಕಾಣತೊಡಗುತ್ತದೆ. ನಿಮ್ಮ ಕೈಯಲ್ಲಿರುವುದು ಎರಡೇ ದಿನ, ಆದ್ದರಿಂದ ಒಂದೇ ಕಣಿವೆಯನ್ನು ಆರಿಸಿಕೊಳ್ಳಿ.

ನಾನು ಸೂಚಿಸುವುದು ಕಕ್ಕಬೆಯನ್ನು. ಕೊಡಗಿನ ಅತಿ ಎತ್ತರದ ಶಿಖರವಾದ 1748 ಮೀಟರಿನ ತಡಿಯಂಡಮೋಳ್ ಇರುವುದು ಇಲ್ಲಿ. ಪುಷ್ಪಗಿರಿಯೂ (1712 ಮೀಟರ್) ಹೆಚ್ಚು ಕಡಿಮೆ ಅಷ್ಟೇ ಎತ್ತರ, ಆದರೆ ಆ ದಾರಿ ಉದ್ದ, ಏರು ಕಠಿಣ. ವಾರವಿಡೀ ಕಚೇರಿಯಲ್ಲಿ ಕುಳಿತವರು ಒಂದೇ ದಿನದಲ್ಲಿ ಅದನ್ನು ಹತ್ತಿ ಇಳಿದರೆ ಭಾನುವಾರ ಮೊಣಕಾಲು ಮಡಚಲಾಗದು. ಇರ್ಪುವಿನಿಂದ ಹೊರಡುವ ಬ್ರಹ್ಮಗಿರಿ ನನಗೆ ತುಂಬ ಪ್ರಿಯವಾದದ್ದು. ಅದನ್ನು ಇನ್ನೊಮ್ಮೆ ಬರುವಾಗ ಇಟ್ಟುಕೊಳ್ಳಿ.

ಬರುವ ಮೊದಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಚಾರಣಕ್ಕೆ ಹೆಸರು ಕಾಯ್ದಿರಿಸಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಸಾವಿರಾರು ಜನ ಒಮ್ಮೆಲೇ ನೆರೆದ ಚಿತ್ರಗಳನ್ನು ನೀವೂ ನೋಡಿರಬಹುದು. ಅದರ ನಂತರ ನಿಯಮ ಬಿಗಿಯಾಯಿತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಅದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ. ಶನಿವಾರದ ಸ್ಥಾನಗಳು ಬೇಗ ತುಂಬುತ್ತವೆ, ಹಾಗಾಗಿ ಉಳಿಯುವ ಮನೆಗಿಂತ ಮೊದಲು ಇದನ್ನು ಗೊತ್ತುಮಾಡಿಕೊಳ್ಳಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಭೂಕುಸಿತದ ಭಯಕ್ಕೆ ದಾರಿಗಳನ್ನು ಮುಚ್ಚುವುದುಂಟು. ನೀವು ಆರಿಸಿರುವ ಡಿಸೆಂಬರ್ ಇವೆರಡರ ನಡುವಿನ ಒಳ್ಳೆಯ ಕಾಲ. ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ, ಜಿಗಣೆಗಳ ಕಾಟ ಬಹುಮಟ್ಟಿಗೆ ಮುಗಿದಿರುತ್ತದೆ.

ಶುಕ್ರವಾರ ಮಧ್ಯಾಹ್ನವೇ ಹೊರಟು ರಾತ್ರಿಯ ಹೊತ್ತಿಗೆ ಕಕ್ಕಬೆ ತಲುಪಿ, ಬೇಗ ಮಲಗಿ. ಆ ರಾತ್ರಿ ಯಾರೂ ಮದ್ಯ ಮುಟ್ಟಬಾರದು. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕೆಲವು ವರ್ಷಗಳ ಹಿಂದೆ ನನ್ನ ಜೊತೆ ಬಂದ ತಂಡವೊಂದು ಹಿಂದಿನ ರಾತ್ರಿಯೇ ಐದು ಬಾಟಲಿ ಸಿಹಿ ವೈನ್ ಮುಗಿಸಿತ್ತು. ಬೆಳಿಗ್ಗೆ ಹತ್ತೂವರೆಗೆ ನಡಿಗೆ ಶುರುವಾಯಿತು. ಹುಲ್ಲುಗಾವಲಿನ ಬಿಸಿಲಿಗೆ ಬಂದಾಗ ಅವರಲ್ಲೊಬ್ಬರು ಕಣ್ಣು ಕತ್ತಲಿಟ್ಟು ಕುಸಿದರು. ಊರಿನ ಇಬ್ಬರು ಹುಡುಗರು ಮತ್ತು ನಾನು ಸೇರಿ ಅವರನ್ನು ಇಳಿಸುವಾಗ ಸಂಜೆಯಾಗಿತ್ತು. ಮದ್ಯ ದೇಹದ ನೀರನ್ನು ಮೂತ್ರವಾಗಿ ಹೊರಹಾಕಿಸುತ್ತದೆ, ನಿದ್ದೆಯನ್ನು ಕೆಡಿಸುತ್ತದೆ. ಮರುದಿನ ಏರಿನಲ್ಲಿ ಹೃದಯಕ್ಕೆ ಹೆಚ್ಚು ಕೆಲಸ. ಅವರ ಮುಖ ನೋಡಿದ ಕೂಡಲೇ ‘ಇವತ್ತು ಬೇಡ’ ಎಂದು ನಾನು ಹೇಳಬೇಕಿತ್ತು. ಹೇಳದೆ ಹೋದದ್ದು ನನ್ನ ತಪ್ಪು. ಅಂದಿನಿಂದ ಬೆಟ್ಟ ಮೊದಲು, ಲೋಟ ಆಮೇಲೆ ಎಂಬುದನ್ನು ಬಿಟ್ಟುಕೊಟ್ಟಿಲ್ಲ.

ಶನಿವಾರ ಬೆಳಿಗ್ಗೆ ಆರೂವರೆ, ಏಳರ ಹೊತ್ತಿಗೆ ನಾಲ್ಕುನಾಡು ಅರಮನೆಯ ಬಳಿ ಇರಿ. ಹೆಂಚಿನ ಮಾಡಿನ, ಮರದ ಕಂಬಗಳ ಈ ಎರಡಂತಸ್ತಿನ ಮನೆಯನ್ನು ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಳ್ಳುವ ಮುನ್ನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಆಶ್ರಯ ಪಡೆದದ್ದೂ ಇಲ್ಲೇ ಎನ್ನುತ್ತಾರೆ. ಒಳಗೆ ನೋಡುವುದನ್ನು ಇಳಿದು ಬಂದ ಮೇಲೆ ಇಟ್ಟುಕೊಳ್ಳಿ. ಇಲ್ಲಿಂದ ಶಿಖರಕ್ಕೆ ಸುಮಾರು ಆರೇಳು ಕಿಲೋಮೀಟರ್. ಮೊದಲ ಭಾಗ ಕಾಫಿ, ಏಲಕ್ಕಿ ತೋಟಗಳ ನಡುವಿನ ರಸ್ತೆ. ಅರಣ್ಯ ಇಲಾಖೆಯ ತಪಾಸಣೆ ದಾಟಿದ ಮೇಲೆ ಕಾಡು, ಹಳ್ಳ, ಆಮೇಲೆ ತೆರೆದ ಹುಲ್ಲುಗಾವಲು. ಹಳ್ಳ ದಾಟಿದ ಮೇಲೆ ನೀರು ಸಿಗುತ್ತದೆಂದು ನಂಬಬೇಡಿ; ತಲಾ ಎರಡು ಲೀಟರ್ ಹೊತ್ತುಕೊಳ್ಳಿ. ಕೊನೆಯ ಏರು ಶೋಲಾ ಕಾಡಿನೊಳಗೆ, ಅಂದರೆ ಬೆಟ್ಟದ ಮಡಿಲಿನ ದಟ್ಟ ಗಿಡ್ಡ ಮರಗಳ ಕಾಡಿನೊಳಗೆ ಸಾಗುತ್ತದೆ. ಬೇರುಗಳನ್ನೇ ಮೆಟ್ಟಿಲಾಗಿ ಹಿಡಿದು ಹತ್ತಬೇಕು. ನಿಧಾನವಾಗಿ ಹತ್ತಿದರೂ ಮೂರರಿಂದ ಮೂರೂವರೆ ಗಂಟೆ ಸಾಕು. ದಿನ ತಿಳಿಯಾಗಿದ್ದರೆ ಪಶ್ಚಿಮದಲ್ಲಿ ಕೇರಳದ ತಗ್ಗು, ಅದರಾಚೆ ಸಮುದ್ರದ ಒಂದು ಬೆಳ್ಳಿ ಗೆರೆ ಕಾಣುತ್ತದೆ.

ಒಂದು ಎಚ್ಚರಿಕೆ. ಕೊಡಗಿನಲ್ಲಿ ಆನೆಗಳು ಕಾಡಿನಲ್ಲಿ ಮಾತ್ರ ಇರುವುದಲ್ಲ, ತೋಟಗಳಲ್ಲೂ ಇರುತ್ತವೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ತೋಟದ ರಸ್ತೆಯಲ್ಲಿ ನಡೆಯುವ ಮುನ್ನ ‘ಇವತ್ತು ಆನೆ ಇದೆಯೇ?’ ಎಂದು ಮನೆಯವರನ್ನು ಕೇಳಿ. ಇಲ್ಲಿನ ಕಾರ್ಮಿಕರು ಕೆಲಸಕ್ಕೆ ಇಳಿಯುವ ಮುನ್ನ ಪ್ರತಿದಿನ ಕೇಳುವ ಮಾತು ಅದು. ಸ್ಥಳೀಯ ಮಾರ್ಗದರ್ಶಿಯನ್ನು ಕರೆದುಕೊಂಡು ಹೋಗಿ. ದಾರಿಯ ಬದಿಯಲ್ಲಿ ದೇವರಕಾಡು ಸಿಕ್ಕರೆ ಒಳಗೆ ನುಗ್ಗಬೇಡಿ. ಜಿಲ್ಲೆಯಲ್ಲಿ ಇಂಥ 1200ಕ್ಕೂ ಹೆಚ್ಚು ದೇವರಕಾಡುಗಳಿವೆ, ಪ್ರತಿಯೊಂದಕ್ಕೂ ಅದನ್ನು ಕಾಯುವ ಊರಿದೆ. ಹಳೆಯ ಐನ್‌ಮನೆಗಳೂ ಹಾಗೆಯೇ. ಅವು ಒಂದೊಂದು ಒಕ್ಕದ, ಅಂದರೆ ಕೊಡವ ಮನೆತನದ, ಪಿತೃಗಳ ಮನೆ. ಕರೆಯದೆ ಅಂಗಳಕ್ಕೆ ಹೋಗಿ ಚಿತ್ರ ತೆಗೆಯುವುದು ಬೇಡ.

ಮಧ್ಯಾಹ್ನ ಎರಡರೊಳಗೆ ಇಳಿದು, ಹಗುರವಾಗಿ ಉಂಡು, ಬಿಸಿನೀರಿನ ಸ್ನಾನ ಮಾಡಿ ಒಂದು ಗಂಟೆ ಮಲಗಿ. ಸಂಜೆ ವೈನ್‌ಗೆ ಬರೋಣ.

ಕೊಡಗಿನ ಅನೇಕ ಮನೆಗಳಲ್ಲಿ ಹಣ್ಣಿನ ವೈನ್ ಮಾಡುವ ರೂಢಿ ಬೆಳೆದಿದೆ. ದ್ರಾಕ್ಷಿ, ಪ್ಯಾಶನ್ ಫ್ರೂಟ್, ಕಿತ್ತಳೆ, ನೆಲ್ಲಿಕಾಯಿ, ನೇರಳೆ, ಶುಂಠಿ, ವೀಳ್ಯದೆಲೆ, ಕೊನೆಗೆ ಗಾಂಧಾರಿ ಮೆಣಸಿನದ್ದೂ ಇದೆ. ವಿಧಾನ ಸರಳ. ಹಣ್ಣು, ಸಕ್ಕರೆ, ಕುದಿಸಿ ಆರಿಸಿದ ನೀರು, ಸ್ವಲ್ಪ ಯೀಸ್ಟ್, ಹಲವರು ಒಂದು ಹಿಡಿ ಗೋಧಿಯನ್ನೂ ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ತಿರುವುತ್ತಾರೆ. ಮೂರು ವಾರಗಳ ನಂತರ ಸೋಸಿ, ತಿಳಿಯಾಗಲು ಬಿಡುತ್ತಾರೆ. ಯೀಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಮದ್ಯಸಾರ ಒಂದು ಮಟ್ಟ ದಾಟಿದ ಮೇಲೆ ಯೀಸ್ಟೇ ಬದುಕುವುದಿಲ್ಲ, ಉಳಿದ ಸಕ್ಕರೆ ಸಿಹಿಯಾಗಿಯೇ ನಿಲ್ಲುತ್ತದೆ. ಮನೆ ವೈನ್ ಸಿಹಿಯಾಗಿರುವುದು ಇದರಿಂದ. ಸಿಹಿ ಎಂದರೆ ಸೌಮ್ಯ ಎಂದು ತಿಳಿದವರೇ ಲೆಕ್ಕ ತಪ್ಪುತ್ತಾರೆ.

ಸುರಕ್ಷತೆಯ ಬಗ್ಗೆ ಕೇಳಿದ್ದೀರಿ. ಪತ್ರಿಕೆಗಳಲ್ಲಿ ಓದುವ ಕಳ್ಳಭಟ್ಟಿ ದುರಂತಗಳಿಗೆ ಕಾರಣ ಮೆಥನಾಲ್. ಹಣ್ಣು ಹುದುಗುವಾಗಲೂ ಅದು ಅತ್ಯಲ್ಪ ಪ್ರಮಾಣದಲ್ಲಿ ಹುಟ್ಟುತ್ತದೆ, ಆದರೆ ಸ್ವಚ್ಛವಾಗಿ ಹುದುಗಿಸಿ ಸೋಸಿದ ವೈನ್‌ನಲ್ಲಿ ಅದು ಪ್ರಾಣಕ್ಕೆ ಎರವಾಗುವಷ್ಟು ಇರುವುದಿಲ್ಲ. ಅಪಾಯವಿರುವುದು ಭಟ್ಟಿ ಇಳಿಸಿದ ಅಕ್ರಮ ಮದ್ಯದಲ್ಲಿ ಮತ್ತು ಹೊರಗಿನಿಂದ ಸ್ಪಿರಿಟ್ ಬೆರೆಸಿದ್ದರಲ್ಲಿ. ‘ಮನೆ ವೈನ್’ ಎಂಬ ಚೀಟಿ ಅಂಟಿಸಿದ ಬಾಟಲಿಯಲ್ಲಿ ಸಕ್ಕರೆ ಪಾಕ, ಬಣ್ಣ, ಸ್ಪಿರಿಟ್ ಮಾತ್ರ ಇದ್ದರೆ ಅದು ವೈನ್ ಅಲ್ಲವೇ ಅಲ್ಲ. ಜೊತೆಗೆ ಕಾನೂನಿನ ಮಾತೂ ಇದೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸಿ ಮಾರುವುದು ಅಪರಾಧ. ಆದ್ದರಿಂದ ತಯಾರಕರ ಹೆಸರು, ಪರವಾನಗಿ, ತಯಾರಿಕೆಯ ದಿನಾಂಕ, ಮದ್ಯಸಾರದ ಶೇಕಡಾವಾರು ಮುದ್ರಿಸಿದ ಬಾಟಲಿಯನ್ನೇ ಪರವಾನಗಿ ಇರುವ ಅಂಗಡಿಯಿಂದ ಕೊಳ್ಳಿ. ಹಳೆಯ ನೀರಿನ ಬಾಟಲಿಗೆ ತುಂಬಿ ಕೊಡುವುದನ್ನು ಮುಟ್ಟಬೇಡಿ.

ಬಾಟಲಿ ತೆರೆದಾಗ ಮೂಗಿಗೆ ಮೊದಲು ಹಣ್ಣಿನ ವಾಸನೆ ಬರಬೇಕು. ವಿನೆಗರ್ ವಾಸನೆ ಬಂದರೆ ಕೆಟ್ಟಿದೆ. ನಾಲಿಗೆಗೆ ಸಿಹಿ ತಾಗಿದ ಹಿಂದೆಯೇ ಹಣ್ಣಿನ ಹುಳಿ ಏಳಬೇಕು. ಸಿಹಿ ಮುಗಿದ ಕೂಡಲೇ ಗಂಟಲು ಉರಿದರೆ ಅದರಲ್ಲಿ ಹಣ್ಣಿಗಿಂತ ಸ್ಪಿರಿಟ್ ಹೆಚ್ಚು. ನಾಲ್ಕು ಬಗೆಯನ್ನು ತಲಾ ಎರಡು ಮೂರು ಚಮಚದಷ್ಟು ಸಣ್ಣ ಲೋಟದಲ್ಲಿ, ನಡುವೆ ನೀರು ಕುಡಿಯುತ್ತ ನೋಡಿ. ನೆಲ್ಲಿಕಾಯಿಯ ಒಗರಿನಿಂದ ಶುರು ಮಾಡಿ, ಪ್ಯಾಶನ್ ಫ್ರೂಟ್, ದ್ರಾಕ್ಷಿ, ಕೊನೆಗೆ ಗಾಂಧಾರಿ ಮೆಣಸಿನದ್ದು. ಮೆಣಸಿನದನ್ನು ಮೊದಲೇ ಕುಡಿದರೆ ಉಳಿದ ಮೂರರ ರುಚಿ ನಾಲಿಗೆಗೆ ಹತ್ತುವುದಿಲ್ಲ. ಇದನ್ನೆಲ್ಲ ಊಟಕ್ಕೆ ಮೊದಲೇ ಮುಗಿಸಿ, ಏಕೆಂದರೆ ಪಂದಿಕರಿಯ (ಕೊಡವರ ಹಂದಿಮಾಂಸದ ಅಡುಗೆ) ಕಾಳುಮೆಣಸಿನ ಮುಂದೆ ಯಾವ ವೈನೂ ನಿಲ್ಲುವುದಿಲ್ಲ. ಆಮೇಲೆ ಕಾರಿನ ಕೀಲಿಕೈ ಯಾರೂ ಮುಟ್ಟಬಾರದು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ಮೀರಿದರೆ ವಾಹನ ಚಲಾಯಿಸುವುದು ಅಪರಾಧ. ರಾತ್ರಿಯ ಮಂಜಿನಲ್ಲಿ ಈ ತಿರುವುಗಳಿಗೆ ಅಷ್ಟೂ ಬೇಕಾಗಿಲ್ಲ. ನೀವು ಉಳಿದುಕೊಂಡ ಮನೆಯಲ್ಲೇ ರುಚಿ ನೋಡಿ, ಅಲ್ಲೇ ಉಂಡು ಮಲಗುವಂತೆ ಏರ್ಪಾಡು ಮಾಡಿಕೊಳ್ಳಿ.

ಮದ್ಯ ಮುಟ್ಟದ ನಿಮ್ಮ ಗೆಳೆಯರಿಗೆ ಪ್ಯಾಶನ್ ಫ್ರೂಟ್ ಪಾನಕ ಮಾಡಿಕೊಡಲು ಹೇಳಿ. ಬೀಜ ಸಮೇತ ತಿರುಳಿಗೆ ನೀರು, ಬೆಲ್ಲ, ಒಂದು ಚಿಟಿಕೆ ಉಪ್ಪು. ಬೆಟ್ಟ ಇಳಿದ ದೇಹಕ್ಕೆ ಇದಕ್ಕಿಂತ ಒಳ್ಳೆಯದು ಸಿಗದು. ಡಿಸೆಂಬರ್ ಕೊಡಗಿನ ಕಿತ್ತಳೆಯ ಕಾಲವೂ ಹೌದು. ಸಡಿಲವಾದ ತೆಳು ಸಿಪ್ಪೆ, ಸಿಹಿಯ ಜೊತೆ ಸ್ಪಷ್ಟವಾದ ಹುಳಿ, ಇವು ಅದರ ಗುರುತು. 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿತಾದರೂ ರೋಗಕ್ಕೆ ತುತ್ತಾಗಿ ಗಿಡಗಳು ಎಷ್ಟೋ ತೋಟಗಳಿಂದ ಮರೆಯಾದವು. ಹೆದ್ದಾರಿ ಬದಿಯಲ್ಲಿ ರಾಶಿ ಹಾಕಿದ್ದೆಲ್ಲ ಕೊಡಗಿನದ್ದಲ್ಲ. ತೋಟದವರ ಮನೆಯಲ್ಲೇ ಕೇಳಿ.

ರಾತ್ರಿಯ ಊಟದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಬೆಳಿಗ್ಗೆ ನೀವು ದಾಟಿ ಬಂದ ಕಾಡು ತಟ್ಟೆಗೆ ಬರುವುದು ಆಗಲೇ. ಪಂದಿಕರಿಗೆ ಆ ಕಪ್ಪು ಬಣ್ಣ, ಆ ಆಳದ ಹುಳಿ ಕೊಡುವುದು ಕಾಚಂಪುಳಿ. ಪಶ್ಚಿಮ ಘಟ್ಟದ ಕಾಡಿನಲ್ಲಿ ಬೆಳೆಯುವ ಒಂದು ಮರದ ಹಣ್ಣಿನಿಂದ ಅದು ಬರುತ್ತದೆ. ಉತ್ತರ ಕನ್ನಡದವರು ಈ ಮರವನ್ನು ಉಪ್ಪಾಗೆ ಎನ್ನುತ್ತಾರೆ, ಬೀಜದಿಂದ ತುಪ್ಪ ತೆಗೆಯುತ್ತಾರೆ. ಬೆಟ್ಟದ ಆಚೆಯ ಕೇರಳದವರು ಸಿಪ್ಪೆಯನ್ನು ಹೊಗೆಯಲ್ಲಿ ಒಣಗಿಸಿ ಮೀನು ಸಾರಿಗೆ ಹಾಕುತ್ತಾರೆ, ಅದೇ ಕುಡಂಪುಳಿ. ಈಚೆಯ ಕೊಡಗಿನವರು ಮಳೆಗಾಲದಲ್ಲಿ ಉದುರುವ ಹಣ್ಣುಗಳನ್ನು ಬುಟ್ಟಿಯಲ್ಲಿ ಕೊಳೆಯಲು ಬಿಟ್ಟು, ತೊಟ್ಟಿಕ್ಕುವ ರಸವನ್ನು ಹಿಡಿದು, ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸಿ ಕಪ್ಪಾದ ಗಟ್ಟಿ ಪಾಕವಾಗಿ ಇಳಿಸುತ್ತಾರೆ. ಒಂದೇ ಹಣ್ಣು, ಒಂದು ಊರಿಗೆ ಬೀಜ, ಒಂದು ಊರಿಗೆ ಸಿಪ್ಪೆ, ಒಂದು ಊರಿಗೆ ರಸ. ತಡಿಯಂಡಮೋಳ್ ನೆತ್ತಿಯಲ್ಲಿ ನಿಂತು ಎರಡೂ ಕಡೆಯ ಇಳಿಜಾರನ್ನು ನೋಡಿದವರಿಗೆ ಈ ಮಾತು ಬೇಗ ಮನಸ್ಸಿಗೆ ಹೋಗುತ್ತದೆ.

ಒಂದು ಕಿಲೋ ಮಾಂಸಕ್ಕೆ ಒಂದೆರಡು ಚಮಚ ಕಾಚಂಪುಳಿ ಸಾಕು, ಅದನ್ನೂ ಕೊನೆಯಲ್ಲಿ ಹಾಕಬೇಕು. ಜೀರಿಗೆ, ಕಾಳುಮೆಣಸು, ಸಾಸಿವೆಗಳನ್ನು ಕಪ್ಪಾಗುವ ಹಂತದವರೆಗೆ ಹುರಿದು ಪುಡಿ ಮಾಡಿದ ಮಸಾಲೆ, ಕೊಬ್ಬು ಬಿಟ್ಟುಕೊಂಡು ಬೆಂದ ಮಾಂಸ, ಮೇಲೆ ಈ ಹುಳಿ. ಕೆಂಪಗೆ, ಟೊಮೆಟೊ ಬೆರೆಸಿದ ಗೊಜ್ಜಿನಂತೆ ಬಂದರೆ ಅದನ್ನು ಪಂದಿಕರಿ ಎನ್ನಲು ನಾನು ಒಪ್ಪುವುದಿಲ್ಲ. ಯಾರಾದರೂ ಗುಟ್ಟಾಗಿ ‘ಕಾಡುಹಂದಿಯದ್ದು ಇದೆ’ ಎಂದರೆ ಬೇಡವೆನ್ನಿ. ಕಾಡುಪ್ರಾಣಿಯ ಬೇಟೆ ಕಾನೂನಿಗೆ ವಿರುದ್ಧ, ಮತ್ತು ನೀವು ಕಾಡನ್ನು ನೋಡಲು ಬಂದವರು. ಜೊತೆಗೆ ಕಡಂಬುಟ್ಟು ಇರಲೇಬೇಕು. ಅಕ್ಕಿ ತರಿಯನ್ನು ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಮತ್ತೆ ಬೇಯಿಸಿದ್ದು. ಮುರಿದಾಗ ಒಳಗೆ ಬಿಳಿಯಾಗಿ ತರಿತರಿಯಾಗಿದ್ದರೆ ಕರಿಯನ್ನು ಚೆನ್ನಾಗಿ ಹೀರುತ್ತದೆ.

ಸಸ್ಯಾಹಾರಿಗಳಿಗೆ ಇಲ್ಲಿ ಏನೂ ಇಲ್ಲ ಎಂಬ ಮಾತು ತಪ್ಪು. ಕೇಳದಿದ್ದರೆ ಇಲ್ಲ, ಅಷ್ಟೆ. ಕುಂಬಳಕಾಯಿ ಕರಿ ಕೊಡವರ ಮದುವೆ ಮನೆಯ ಅಡುಗೆ. ಕೆಸುವಿನ ಕರಿ, ಎಳ್ಳು ಪಜ್ಜಿ (ಚಟ್ನಿ), ಕಹಿ ಕಿತ್ತಳೆಯಿಂದ ಮಾಡುವ ಕೈಪುಳಿ ಪಜ್ಜಿ, ಅನ್ನ ಬೆರೆಸಿ ನಾದಿ ಕೆಂಡದ ಮೇಲೆ ಉಬ್ಬಿಸುವ ಅಕ್ಕಿ ಒಟ್ಟಿ, ಕಾಯಿಹಾಲು ಬೆಲ್ಲದ ಜೊತೆ ನೂಲ್‌ಪುಟ್ಟು (ಅಕ್ಕಿ ಶಾವಿಗೆ), ಹಾಲು ಮತ್ತು ತೆಂಗಿನ ತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದ ಪಾಪುಟ್ಟು. ಕಣಿಲೆ (ಎಳೆ ಬಿದಿರು) ಮತ್ತು ಕಾಡಿನ ಅಣಬೆ ಮಳೆಗಾಲದವು; ಡಿಸೆಂಬರ್‌ನಲ್ಲಿ ಅವನ್ನು ಹುಡುಕಬೇಡಿ. ಮದ್ದ್ ತೊಪ್ಪಿನ (ಔಷಧಿ ಸೊಪ್ಪಿನ) ನೇರಳೆ ಬಣ್ಣದ ಪಾಯಸವೂ ಕಕ್ಕಡ ಹದಿನೆಂಟರ, ಅಂದರೆ ಆಗಸ್ಟ್ ಆರಂಭದ ಅಡುಗೆ.

ಭಾನುವಾರದ ಬೆಳಿಗ್ಗೆ ಕಾಫಿಗೆ. ನಾಲಿಗೆ ಹೊಸದಾಗಿರುವಾಗಲೇ, ತಿಂಡಿಗೆ ಮೊದಲು ಆಗಬೇಕಾದ ಕೆಲಸ ಇದು. ನಿಮ್ಮ ಭೇಟಿಯ ಹೊತ್ತಿಗೆ ಅರೇಬಿಕಾ ಕೊಯ್ಲು ನಡೆದಿರುತ್ತದೆ. ಮನೆಯವರನ್ನು ಕೇಳಿಕೊಂಡು ಕಣಕ್ಕೆ ಹೋಗಿ. ಹಣ್ಣಿನ ಸಿಪ್ಪೆಯನ್ನು ಪಲ್ಪರ್‌ನಲ್ಲಿ ತೆಗೆದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದ್ದು ಚೆರ್ರಿ. ಎರಡನ್ನೂ ಕೈಯಲ್ಲಿ ಹಿಡಿದು ಮೂಸಿದರೆ ಬೇರೆ ಬೇರೆ ಬೆಳೆಗಳೇನೋ ಎನ್ನಿಸುತ್ತದೆ. ನಂತರ ಹಾಲು ಸಕ್ಕರೆ ಇಲ್ಲದೆ ಮೂರು ಲೋಟ ಕೇಳಿ: ಶುದ್ಧ ಅರೇಬಿಕಾ, ಶುದ್ಧ ರೊಬಸ್ಟಾ, ಚಿಕೋರಿ ಬೆರೆತದ್ದು. ಚಮಚದಲ್ಲಿ ತೆಗೆದು ಸದ್ದಾಗುವಂತೆ ಹೀರಿ, ಗಾಳಿಯ ಜೊತೆ ಮೂಗಿನವರೆಗೆ ಪರಿಮಳ ಏರಲಿ. ಬಿಸಿ ಇದ್ದಾಗ ಒಮ್ಮೆ, ಉಗುರು ಬೆಚ್ಚಗಾದಾಗ ಇನ್ನೊಮ್ಮೆ. ಆರಿದಾಗಲೂ ಚೆನ್ನಾಗಿರುವುದೇ ಒಳ್ಳೆಯ ಕಾಫಿ. ಅರೇಬಿಕಾದಲ್ಲಿ ಹಣ್ಣಿನ ಹುಳಿ, ಹಗುರ ಪರಿಮಳ. ರೊಬಸ್ಟಾದಲ್ಲಿ ಮೈತುಂಬಿದ ಕಹಿ, ಹೆಚ್ಚು ಕಡಿಮೆ ಎರಡು ಪಟ್ಟು ಕೆಫೀನ್. ಚಿಕೋರಿ ಕಾಫಿಯೇ ಅಲ್ಲ, ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಬೇರು. ಡಿಕಾಕ್ಷನ್‌ಗೆ ಬಣ್ಣ, ದಪ್ಪ ಕೊಡುತ್ತದೆ. ಅದನ್ನು ಇಷ್ಟಪಡುವುದು ತಪ್ಪಲ್ಲ, ಆದರೆ ಏನು ಕೊಳ್ಳುತ್ತಿದ್ದೇವೆಂದು ಗೊತ್ತಿರಬೇಕು. ಬೆರಕೆ ಪುಡಿಯಲ್ಲಿ ಶೇ 51ರಷ್ಟಾದರೂ ಕಾಫಿ ಇರಬೇಕೆಂಬ ನಿಯಮವಿದೆ, ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಿರಬೇಕು. ‘ಕೊಡಗಿನ ಕಾಫಿ’ ಎಂಬ ದೊಡ್ಡ ಅಕ್ಷರದ ಕೆಳಗಿನ ಆ ಸಣ್ಣ ಅಕ್ಷರವನ್ನು ಓದಿ ಹಣ ಕೊಡಿ. ಕೊನೆಗೆ ಬೆಲ್ಲ ಹಾಕಿದ ಕರಿ ಕಾಫಿಯನ್ನು ಒಟ್ಟಿಯ ಜೊತೆ ಕುಡಿಯಿರಿ. ತೋಟದ ಮನೆಗಳ ನಿಜವಾದ ಬೆಳಗಿನ ಕಾಫಿ ಅದು.

ತಿಂಡಿಯಾದ ಮೇಲೆ ಪಾಡಿ ಇಗ್ಗುತ್ತಪ್ಪ ದೇವಸ್ಥಾನಕ್ಕೆ ಹೋಗಿ ಬನ್ನಿ, ಹತ್ತಿರದಲ್ಲೇ ಇದೆ. ಸುಗ್ಗಿಯ ಹಬ್ಬ ಪುತ್ತರಿಯ ದಿನ ಮತ್ತು ಮುಹೂರ್ತ ನಿಗದಿಯಾಗುವುದು ಇಲ್ಲಿ. ಹಬ್ಬ ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್‌ನಲ್ಲಿ ಬರುವುದರಿಂದ ನಿಮ್ಮ ದಿನಾಂಕಕ್ಕೆ ತಾಗಬಹುದು. ತಾಗಿದರೆ ಒಂದು ವಾರ ಮುಂದೂಡಿ, ಏಕೆಂದರೆ ಮನೆಯವರು ಆಗ ಕದಿರು ತರುವ ಸಂಭ್ರಮದಲ್ಲಿರುತ್ತಾರೆ, ಅತಿಥಿಗಳಿಗೆ ಸಮಯ ಕೊಡಲಾಗುವುದಿಲ್ಲ.

ಮಧ್ಯಾಹ್ನದ ಊಟವನ್ನು ವಿರಾಜಪೇಟೆಯಲ್ಲೋ ಮಡಿಕೇರಿಯಲ್ಲೋ ಹೋಟೆಲಿನಲ್ಲಿ ಮಾಡಿ. ನಾನು ಹೋಟೆಲಿನ ಹೆಸರು ಹೇಳುವುದಿಲ್ಲ, ಅಡುಗೆಯವರು ಬದಲಾದರೆ ರುಚಿಯೂ ಬದಲಾಗುತ್ತದೆ. ಒಳಗೆ ಹೋಗಿ ಎರಡು ಪ್ರಶ್ನೆ ಕೇಳಿ: ಕಡಂಬುಟ್ಟು ಇವತ್ತಿನದೇ? ಕರಿಗೆ ಹಾಕುವುದು ಕಾಚಂಪುಳಿಯೋ ವಿನೆಗರೋ? ಉತ್ತರ ತಡವರಿಸದೆ ಬಂದರೆ ಕುಳಿತುಕೊಳ್ಳಿ. ಮೂರು ಗಂಟೆಯೊಳಗೆ ಹೊರಟರೆ ಘಟ್ಟದ ತಿರುವುಗಳನ್ನು ಬೆಳಕಿನಲ್ಲೇ ದಾಟಬಹುದು.

ಮನೆಗೆ ಒಯ್ಯಲು ಒಂದೇ ವಸ್ತು ಕೊಳ್ಳುವುದಾದರೆ ಕಾಚಂಪುಳಿಯನ್ನು ಕೊಳ್ಳಿ, ನೀವು ಉಳಿದ ಮನೆಯಿಂದಲೇ. ಬಿಳಿ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ತಟ್ಟೆ ವಾಲಿಸಿ. ನೀರಿನಂತೆ ಹರಿದರೆ ತೆಳುವಾಗಿಸಿದ್ದು. ಕಾಕಂಬಿಯಂತೆ ನಿಧಾನವಾಗಿ ಜಾರಿ, ಹೊಗೆಯ ವಾಸನೆ ಬಂದರೆ ಸರಿಯಾದದ್ದು. ಬೆಲೆ ಹೆಚ್ಚೆನಿಸಬಹುದು, ಆದರೆ ಒಂದು ಸಣ್ಣ ಗಾಜಿನ ಬಾಟಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ನಿಮ್ಮ ಸಸ್ಯಾಹಾರಿ ಗೆಳೆಯರು ಕುಂಬಳಕಾಯಿ ಕರಿಗೂ ಅರ್ಧ ಚಮಚ ಹಾಕಿ ನೋಡಲಿ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಬಟ್ಟೆ ಸುತ್ತಿ ಒಯ್ಯಿರಿ. ಚೆಲ್ಲಿದರೆ ಆ ಕಲೆ ಹೋಗುವುದಿಲ್ಲ.